ಬೀಗ ಬಿದ್ದ ದನಿ

ಶುಕ್ರವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಪ್ಪನ ಮುದ್ದು. ಇಲ್ಲಿ ಎಲ್ಲ ಸುಖ ಎಂದು ಬರೆದರೆ ನೀನು ನಂಬುವವಳಲ್ಲ, ನೇರ ವಿಷಯಕ್ಕೇ ಬರುತ್ತೇನೆ. ನಮ್ಮ ಕಂಪ್ಯೂಟರಿಗೆ ಯಾರೋ ಕಳ್ಳರು ಕೂತಲ್ಲಿಂದಲೇ ಬೀಗ ಜಡಿದಿದ್ದಾರೆ. ಒಳಗಿದ್ದ ನನ್ನ ದನಿಯೂ ಅವರ ಪಾಲಾಗಿದೆ.

ತಪ್ಪು ನನ್ನದೇ. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ರಕ್ಷಣೆ ಬೇಕಿದ್ದರೆ ಇಲ್ಲಿ ಒತ್ತಿ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗುವ ಮುಂಚೆ ಹೇಳಿಟ್ಟ ಮಾತುಗಳಿಗೆ ಏನಾದರೂ ಆದೀತೆಂದು ಹೆದರಿ ಒತ್ತಿಬಿಟ್ಟೆ. ಕಾವಲಿಗೆ ಕರೆದವನೇ ಕಳ್ಳನಾಗಿದ್ದ. ಆ ಮಾತುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿದ ಮೇಲೆ ಅದನ್ನು ಕಿತ್ತು ಬೀರುವಿನಲ್ಲಿಡಿ ಎಂದು ನೀನು ಎಷ್ಟು ಬಡಕೊಂಡಿದ್ದೆ! ಎತ್ತಿಟ್ಟರೆ ಎಲ್ಲಿಟ್ಟೆನೆಂದು ಮರೆತೇನು ಅಂತ ನಾನು ಅದನ್ನು ಸಿಕ್ಕಿಸಿಯೇ ಬಿಟ್ಟಿದ್ದೆ. ಅದಕ್ಕೂ ಬೀಗ ಬಿತ್ತು.

ಊಟಕ್ಕೆ ಬಾ, ಇಲ್ಲಿ ಮೆಟ್ಟಿಲಿದೆ, ಮಾತ್ರೆ ತಗೊಂಡ್ಯಾ, ನಾನು ಇಲ್ಲೇ ಇದ್ದೀನಿ... ಕಣ್ಣು ಕಾಣದ ನಿನ್ನಮ್ಮನಿಗೆ ಬೇಕಾದ ಮಾತುಗಳನ್ನೆಲ್ಲ ಇಬ್ಬರೂ ಕೂತು ಆರಿಸಿ ರೆಕಾರ್ಡ್ ಮಾಡಿದ್ದೆವು; ಗುಂಡಿ ಒತ್ತಿದರೆ ಕಂಪ್ಯೂಟರು ನನ್ನ ದನಿಯಲ್ಲಿ ಆ ಮಾತು ಆಡುತ್ತಿತ್ತು. ಒಂದು ಬೈಗುಳವೂ ಇರಲಿ, ಇಲ್ಲದಿದ್ದರೆ ಅದು ನೀವು ಅಂತ ಅನಿಸುವುದೇ ಇಲ್ಲ ಎಂದು ಅವಳೇ ಹಟ ಹಿಡಿದಿದ್ದಳು. ಬೀಗ ಬಿದ್ದ ದಿನ ರೇಡಿಯೋ ಸದ್ದಿಗೆ ಜಗಳವಾದಾಗ ಆ ಬೈಗುಳವನ್ನೇ ಒತ್ತಿದೆ: ಸಾಕು, ಬಾಯ್ಮುಚ್ಚು. ಆಮೇಲೆ ಈ ಅನಾಹುತ. ಅವಳು ಕೇಳಿದ ಕೊನೆಯ ಮಾತು ಅದೇ. ನಾನು ಮುನಿಸಿಕೊಂಡು ಮಾತು ಬಿಟ್ಟಿದ್ದೇನೆ ಎಂದೇ ತಿಳಿದಿದ್ದಾಳೆ.

ಅವಳ ಅಂಗೈ ಮೇಲೆ ಬೆರಳಿನಿಂದ ಬರೆದೆ. ಸಕ್ಕರೆ ಕಾಯಿಲೆಗೆ ಜೋಮು ಹಿಡಿದ ಕೈ, ಅಕ್ಷರ ತಿಳಿಯಲಿಲ್ಲ. ಕೋಪವಿಲ್ಲ ಎಂದು ಫೋನಿನಲ್ಲಿ ಬರೆದು ಅದರಿಂದಲೇ ಓದಿಸಿದೆ. ಬಂದದ್ದು ಹೆಣ್ಣು ದನಿ. ರಾಜಿ ಮಾಡಿಸೋಕೆ ಯಾವಳನ್ನು ಕರೆಸಿದ್ದೀರಿ, ನಿಮ್ಮ ದನಿಯಲ್ಲೇ ಹೇಳೋಕೆ ಏನು ಧಾಡಿ ಎಂದು ಫೋನನ್ನು ಕಸಿದು ದಿಂಬಿನ ಕೆಳಗೆ ತುರುಕಿದಳು. ಏನು ಧಾಡಿ ಎಂದು ಹೇಳುವುದಕ್ಕೂ ಆ ದನಿಯೇ ಬೇಕಲ್ಲ, ಮಗಳೇ. ನಿಲ್ದಾಣದ ಮೈಕಿನಲ್ಲಿ ರೈಲು ಬಂತು, ಹೋಯಿತು ಎಂದು ಊರಿಗೆಲ್ಲ ಸಾರಿದವನು ನಾನು. ಈಗ ಒಂದೇ ಮನೆಯಲ್ಲಿರುವ ಹೆಂಡತಿಗೆ ಒಂದು ಮಾತು ಮುಟ್ಟಿಸಲಾರೆ. ಬದುಕು ಸಾಕೆನಿಸಿಬಿಟ್ಟಿದೆ.

ಇನ್ನು ಯಾವ ಯಂತ್ರವನ್ನು ಮುಟ್ಟುವುದಕ್ಕೂ ಧೈರ್ಯವಿಲ್ಲ, ಅದಕ್ಕೇ ಈ ಕಾಗದ. ಕೈಸೇರಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ಅಪ್ಪನಿಗೆ ಕೋಪವಿಲ್ಲ, ಕಂಪ್ಯೂಟರ್ ರಿಪೇರಿಗೆ ಹೋಗಿದೆ, ಬಂದ ಮೇಲೆ ಮೊದಲಿನ ಹಾಗೇ ಮಾತಾಡುತ್ತಾರೆ ಎಂದು ಹೇಳು. ಅಷ್ಟು ಹೇಳಿದರೆ ಸಾಕು.

ನಿನ್ನ ದಾರಿ ಕಾಯುವ,
ಅಪ್ಪ

ತಾ.ಕ.: ರಿಪೇರಿ ಎನ್ನುವುದು ಸುಳ್ಳು. ಬೀಗ ತೆಗೆಯಲಾಗದು, ಎಲ್ಲ ಅಳಿಸಲೇಬೇಕು ಎಂದು ಅಂಗಡಿಯವನು ಹೇಳಿದಾಗ ತಲೆಯಾಡಿಸಿದವನು ನಾನೇ. ಬೆಳಿಗ್ಗೆ ಅಳಿಸಿಯೂ ಆಯಿತು. ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಮೊದಲು ಮಾತಾಡುವ ತನಕ ತಾನೂ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿ ಹೋದಳು.