ಅಪ್ಪ ಮನೀಷಾಳಿಗೆ ಕಲಿಸಿದ ಕೆಲಸ

ಏಕಸಂಬಿ
೧೧ ಫೆಬ್ರವರಿ ೨೦೨೪

ನನ್ನ ಸುಂದರಾಳಿಗೆ,

ಸಂಕ್ರಾಂತಿಗೆ ನೀನು ನಿಪ್ಪಾಣಿಯಿಂದ ಕಳಿಸಿದ ಎಳ್ಳು ಹೋಳಿಗೆ ಯಾವಾಗಲೋ ತಲುಪಿತು, ಯಾವಾಗಲೋ ಮುಗಿದೂ ಹೋಯಿತು. ಡಬ್ಬಿ ತೊಳೆದು ಕಪಾಟಿನ ಮೇಲಿಟ್ಟಿದ್ದೇನೆ. ಅದನ್ನು ನೋಡಿದಾಗಲೆಲ್ಲ ನಿನಗೆ ಬರೆಯಬೇಕು ಅನ್ನಿಸುತ್ತಿತ್ತು, ಪೆನ್ನು ಹಿಡಿದರೆ ಮನಸ್ಸು ಬರುತ್ತಿರಲಿಲ್ಲ. ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತು ಅನ್ನುತ್ತೀಯ. ನಿಮ್ಮ ಮನೆಯಲ್ಲಿ ಎಲ್ಲರೂ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು, ನಿನ್ನ ಅತ್ತೆಯವರು ನಡುವೆ ಬಂದು ನನ್ನ ಮೊಣಕಾಲು ನೋವು ವಿಚಾರಿಸುತ್ತಾರೆ. ನಾನು ಹೇಳಬೇಕಾದದ್ದು ಅವರ ಕಿವಿಗೆ ಬೀಳುವಂಥದ್ದಲ್ಲ.

ಇಲ್ಲಿ ಕಬ್ಬು ಕಾರ್ಖಾನೆಗೆ ಹೋಯಿತು. ಎಮ್ಮೆ ಈದಿದೆ, ಹೆಣ್ಣುಗರು. ಬಹಳ ಒದರುತ್ತದೆ, ಅದಕ್ಕೆ ನಿನ್ನ ಹೆಸರೇ ಇಡೋಣ ಎಂದು ನಿನ್ನ ಭಾವನವರು ನಗುತ್ತಾರೆ.

ನಾನು ಅಲಖನೂರಿಗೆ ಹೋಗಿ ಅಪ್ಪನ ಹತ್ತಿರ ಇದ್ದು ಬಂದೆ. ದೀಪಾವಳಿಯ ನಂತರ ಅವನಿಗೆ ಲಕ್ವಾ ಹೊಡೆದಾಗ ದವಾಖಾನೆಯಲ್ಲಿ ನೋಡಿದ್ದೀಯಲ್ಲ, ಅದಕ್ಕಿಂತ ಎಷ್ಟೋ ಸುಧಾರಿಸಿದ್ದಾನೆ. ಮಾತು ಸ್ವಚ್ಛವಾಗಿದೆ. ಕೋಲು ಹಿಡಿದು ಬಸ್ ನಿಲ್ದಾಣದವರೆಗೂ ನಡೆಯುತ್ತಾನೆ. ಬಲಗೈಯೊಂದು ಮಾತ್ರ ಏನನ್ನೂ ಹಿಡಿಯುವುದಿಲ್ಲ. ಅಥಣಿ, ಕಾಗವಾಡದ ದ್ರಾಕ್ಷಿ ತೋಟದವರು ತಮ್ಮ ಅಜ್ಜಂದಿರ ಗಾಳಿ ಬಂದೂಕುಗಳನ್ನು ಗೋಣಿಚೀಲದಲ್ಲಿ ಸುತ್ತಿ ರಿಪೇರಿಗೆ ತರುತ್ತಿದ್ದುದು ಆ ಕೈಯನ್ನು ನಂಬಿಯೇ ಅಲ್ಲವೇ?

ರಿಪೇರಿ ಕೋಣೆಗೆ ಬೀಗ ಬಿದ್ದಿರುತ್ತದೆ, ಅಪ್ಪ ಗೋಡೆ ನೋಡುತ್ತ ಕೂತಿರುತ್ತಾನೆ ಎಂದುಕೊಂಡು ದಾರಿಯುದ್ದಕ್ಕೂ ಅಳುತ್ತ ಹೋದೆ. ಅಂಗಳಕ್ಕೆ ಕಾಲಿಟ್ಟರೆ ಒಳಗಿನಿಂದ ಪಂಪು ಒತ್ತುವ ಸದ್ದು. ಅಪ್ಪನ ಸ್ಟೂಲಿನ ಮೇಲೆ ತಮ್ಮ ಅಮೋಲನ ಹೆಂಡತಿ ಮನೀಷಾ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ನಳಿಗೆಯ ಕೆಳಗಿನ ಕಟ್ಟಿಗೆಯ ಹಿಡಿಕೆಯನ್ನು ಬಿಚ್ಚುತ್ತ ಮುಚ್ಚುತ್ತ ಬಂದೂಕಿನೊಳಗೆ ಗಾಳಿ ತುಂಬುತ್ತಿದ್ದಳು. ಅಪ್ಪ ಪಕ್ಕದ ಹೊರಸಿನ ಮೇಲೆ ಕೂತು, ಕಣ್ಣು ಮುಚ್ಚಿ, ಸದ್ದನ್ನಷ್ಟೇ ಕೇಳುತ್ತಿದ್ದ. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ಅಮೋಲ ಎಲ್ಲ ಹೇಳಿದ. ದವಾಖಾನೆಯಿಂದ ಬಂದ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದನಂತೆ, ಯಾರೊಂದಿಗೂ ಮಾತಾಡುತ್ತಿರಲಿಲ್ಲವಂತೆ. ಒಂದು ದಿನ ಇವಳು ಬಿಚ್ಚಿಟ್ಟ ಒಂದು ಬಂದೂಕನ್ನು ತಂದು ಅವನ ಮುಂದೆ ಹರವಿ, ಇದನ್ನು ಜೋಡಿಸುವುದು ಹೇಗೆ ಎಂದು ಕೇಳಿದಳಂತೆ. ಅಲ್ಲಿಂದ ಶುರುವಾಯಿತು. ಈಗ ಕೈ ಅವಳದು, ಬಾಯಿ ಅಪ್ಪನದು. ಮಿರಜದ ಕಡೆಯಿಂದ ಬಂದವಳು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾಮಾ, ಮಾಮಾ ಎನ್ನುತ್ತ ಕೇಳುತ್ತಾಳೆ. ಅಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, ತಿರುಪನ್ನು ಎಲ್ಲಿಯವರೆಗೆ ಬಿಗಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸುತ್ತಾನೆ. ಸುಂದರಾ, ಅಪ್ಪ ಎಂದಾದರೂ ನಮ್ಮ ಮಣಿಕಟ್ಟು ಹಿಡಿದದ್ದು ನಿನಗೆ ಗೊತ್ತಿದೆಯೇ? ಬಳೆಗಾರ ಹಿಡಿದಿದ್ದಾನೆ, ದವಾಖಾನೆಯವರು ಹಿಡಿದಿದ್ದಾರೆ. ನಾನು ಚಹಾದ ಕಪ್ಪು ಹಿಡಿದುಕೊಂಡು ನಿಂತೇ ಇದ್ದೆ, ಚಹಾ ಆರಿತು.

ದಿನವೂ ಅದೇ. ನಾನು ಅವನಿಗೆ ಎಣ್ಣೆ ತಿಕ್ಕುತ್ತಿದ್ದೆ, ಬಿಸಿನೀರು ಕಾಯಿಸುತ್ತಿದ್ದೆ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಚೂರು ಮಾಡಿ ಉಣ್ಣಿಸುತ್ತಿದ್ದೆ. ಎಲ್ಲಕ್ಕೂ ಹೂಂ ಅನ್ನುತ್ತಿದ್ದ. ಅವಳು ಕೈ ಒರೆಸಿಕೊಳ್ಳುತ್ತ ಕೋಣೆಯಿಂದ ಬಂದರೆ ಮುಖ ಅರಳುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ನಮ್ಮ ಮನೀಷಾ, ನಮ್ಮ ಮನೀಷಾ. ನಾನು ಯಾರೆಂದು ಅವರಿಗೆ ನಾನೇ ಹೇಳಿಕೊಳ್ಳಬೇಕಾಯಿತು.

ಕಾಗವಾಡದಿಂದ ಸಮಾಧಾನ ಎಂಬವರು ಒಂದು ಹಳೆಯ ಹಿತ್ತಾಳೆಯ ಬಂದೂಕು ತಂದರು. ಅವರ ಅಜ್ಜನದು. ಹಣ್ಣು ಮಾಗುವ ಈ ದಿನಗಳಲ್ಲಿ ತೋಟದ ನಡುವೆ ತಗಡು ಕಟ್ಟಿ, ಅದಕ್ಕೆ ಗುರಿಯಿಟ್ಟು ಹೊಡೆಯುತ್ತಾರಂತೆ. ಸದ್ದಿಗೆ ಹಕ್ಕಿಗಳು ಏಳುತ್ತವೆ, ಒಂದೂ ಸಾಯುವುದಿಲ್ಲ. ಆದರೆ ಎಷ್ಟು ಪಂಪು ಮಾಡಿದರೂ ಅದರಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಮನೀಷಾ ಅದನ್ನು ಬಿಚ್ಚಿದಳು. ಒಳಗೆ ಗಾಳಿ ತಳ್ಳುವ ಕಂಬಿಯ ತುದಿಗೆ ಸಣ್ಣ ಬಟ್ಟಲಿನಂಥ ತೊಗಲಿನ ವಾಶರ್ ಇರುತ್ತದೆ, ಅದು ಒಣಗಿ ಸೀಳಿತ್ತು. ಹೊಸದನ್ನು ಕೊಯ್ದು, ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಮರುದಿನ ಅವಳು ಹಾರೂಗೇರಿಯ ಸಂತೆಗೆ ಹೋದಳು.

ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದ. ನಾನು ಆ ಸ್ಟೂಲಿನ ಮೇಲೆ ಕೂತೆ. ಬಾಗಿಲಾಚೆಯಿಂದ ಸಣ್ಣವಳಿದ್ದಾಗಿನಿಂದ ನೋಡಿದ ಕೆಲಸ, ಇದೇನು ಮಹಾ ಎಂದುಕೊಂಡೆ. ಅವಳು ಬರುವಷ್ಟರಲ್ಲಿ ಜೋಡಿಸಿ ಅಪ್ಪನ ತೊಡೆಯ ಮೇಲಿಡಬೇಕು, ಆಗ ಅವನ ಮುಖ ಹೇಗಾಗುತ್ತದೆ ನೋಡಬೇಕು, ಅವಳ ಮುಖ ಹೇಗಾಗುತ್ತದೆ ಎಂಬುದನ್ನೂ ನೋಡಬೇಕು. ಹೌದು, ಅದನ್ನೂ. ವಾಶರ್ ಒತ್ತಿ ಒತ್ತಿ ಒಳಗೆ ತೂರಿಸಿದೆ, ತಿರುಪು ಬಿಗಿದೆ, ತೋಳು ನೋಯುವವರೆಗೆ ಪಂಪು ಮಾಡಿದೆ. ಬಂದೂಕಿನ ಕುದುರೆ ಎಳೆದರೆ ಫುಸ್ ಎಂದಿತು, ಅಷ್ಟೇ. ತಲೆ ಎತ್ತಿದರೆ ಅಪ್ಪ ಕೋಲೂರಿ ನಿಂತಿದ್ದ. ಬೈಯಲಿಲ್ಲ.

"ಬಿಡವ್ವಾ. ಮನೀಷಾ ಬರ್ಲಿ," ಅಂದ.

ಬೈದಿದ್ದರೆ ಚೆನ್ನಾಗಿತ್ತು.

ಅವಳು ಬಂದಳು, ಸಂತೆಯ ಚೀಲ ಕೆಳಗಿಟ್ಟು ಬಂದೂಕು ಬಿಚ್ಚಿದಳು. ನಾನು ವಾಶರನ್ನು ಹಿಂದುಮುಂದಾಗಿ ಹಾಕಿದ್ದೆ, ಅದರ ಅಂಚೂ ಹರಿದಿತ್ತು. ನಗುತ್ತಾಳೆ ಎಂದು ಕಾದೆ. ನಕ್ಕರೆ ಆಡಬೇಕಾದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವಳು ಸ್ಟೂಲು ಬಿಟ್ಟು ಎದ್ದಳು.

"ಅಕ್ಕಾ, ನೀವ ಕುಂಡ್ರಿ. ಬಟ್ಟಲದ ಬಾಯಿ ಗಾಳಿ ಕಡೆ ಇರಬೇಕ್ರಿ. ನಾನೂ ಪಯಿಲಾ ಸಲ ಹಿಂಗ ಹಾಕಿದ್ನಿ."

ತೊಗಲು, ಕತ್ತಿ ನನ್ನ ಕೈಗೇ ಕೊಟ್ಟಳು. ನಾನೇ ಕೊಯ್ದೆ. ಅದು ಎಣ್ಣೆ ಕುಡಿದು ಮೆತ್ತಗಾದ ಮೇಲೆ ಇಬ್ಬರೂ ಸೇರಿ ಕೂರಿಸಿದೆವು, ಗಾಳಿ ತುಂಬಿ ದೊಡ್ಡ ಹಂಡೆಯ ನೀರಿನಲ್ಲಿ ಮುಳುಗಿಸಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಆ ಗಳಿಗೆಯಲ್ಲಿ ಆದ ಖುಷಿ ನನ್ನ ಹೆರಿಗೆಯಲ್ಲೂ ಆಗಿರಲಿಲ್ಲ. ನಗಬೇಡ.

ಆ ಸಮಾಧಾನ ಅವರು ಬಂದು ಬೇವಿನ ಮರಕ್ಕೆ ತಗಡು ಕಟ್ಟಿ ಹೊಡೆದರು. ಠಣ್ ಎಂದಿತು, ಮರದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅವರು ಅಪ್ಪನಿಗೆ ಕೈ ಮುಗಿದರು, ಮನೀಷಾಳನ್ನು ಹೊಗಳಿದರು. ಅವಳು ತಡೆದು, ವಾಶರ್ ನಮ್ಮ ಅಕ್ಕ ಕೊಯ್ದದ್ದು ಎಂದಳು. ನಾನು ಅಪ್ಪನ ಕಡೆ ನೋಡಿದೆ. ಅವನು ಬಂದೂಕಿನ ಕಡೆ ನೋಡುತ್ತಿದ್ದ.

"ಹೌದೇನ? ಚಲೋ ಕಲಿಸ್ಯಾಳ ಮನೀಷಾ," ಅಂದ.

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು. ಅವನನ್ನು ಗೋಡೆಯ ಕಡೆಯಿಂದ ಈಚೆ ತಿರುಗಿಸಿದವಳು ಅವಳು, ನನಗೆ ಗೊತ್ತು. ಹೊರಡುವಾಗ ನನ್ನ ಉಡಿ ತುಂಬಿ, ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಬೆರಳಿಗೆ ಎಣ್ಣೆಯ ವಾಸನೆ ಇತ್ತು, ನಾವು ಸಣ್ಣವರಿದ್ದಾಗ ಅಪ್ಪನ ಅಂಗಿಗೆ ಇರುತ್ತಿದ್ದ ವಾಸನೆ. ಚೆನ್ನಾಗಿರು ಎಂದು ಬಾಯಲ್ಲಿ ಹೇಳಿದೆ. ಹೊಟ್ಟೆಯೊಳಗಿನದು ನಿನಗೆ ಬರೆಯುತ್ತಿದ್ದೇನೆ.

ಶಿವರಾತ್ರಿಗೆ ಆದರೆ ಬಂದು ಹೋಗು, ಅಲ್ಲಿಯವರೆಗೆ ಗಿಣ್ಣು ಇಡಲಾಗುವುದಿಲ್ಲ, ಮೊಸರಾದರೂ ಉಣ್ಣು. ನಿನ್ನ ಮಕ್ಕಳ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಮನೆ ತುಂಬಿರಲಿ. ಅತ್ತೆಯವರಿಗೆ ನಮಸ್ಕಾರ ಹೇಳು. ಈ ಕಾಗದ ತೋರಿಸಬೇಡ.

ನಿನ್ನ ಅಕ್ಕ,
ಶಿವಗಂಗವ್ವ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ. ಅಪ್ಪ ನನ್ನನ್ನು ಬಸ್ಸಿಗೆ ಬಿಡಲು ಬಂದಿದ್ದ. ಅಲ್ಲಿ ಕೇಳಿಯೇಬಿಟ್ಟೆ, ಈ ಕೆಲಸ ನನಗೇಕೆ ಕಲಿಸಲಿಲ್ಲ ಎಂದು. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀ ಎಂದೂ ಕೇಳಲಿಲ್ಲಲ್ಲವ್ವಾ. ಕೇಳಿದ್ರ ಒಲ್ಲೆ ಅಂತಿದ್ನೇನ?" ಅಂದ. ಅಷ್ಟರಲ್ಲಿ ಬಸ್ಸು ಬಂತು.

ಸುಂದರಾ, ನನ್ನ ಸಾಲೆ ಬಿಡಿಸಿದ ವರ್ಷ ನಾನು ಕೇಳಿದ್ದೆ. ಎಣ್ಣೆ ಹತ್ತಿದ ಕೈಯವಳನ್ನು ಯಾರು ಲಗ್ನ ಮಾಡಿಕೊಳ್ಳುತ್ತಾರೆ ಎಂದಿದ್ದ. ನೀನು ನನ್ನ ಲಂಗ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ನೆನಪೇ ಇಲ್ಲ. ನಿನಗಾದರೂ ಇದೆಯೇ? ಇದ್ದರೆ ಬೇರೇನೂ ಬರೆಯಬೇಡ. ನಾನು ಕೇಳಿದ್ದೆ ಎಂದಷ್ಟೇ ಬರೆ.