ಮುಕ್ಕಾಲು ತುಂಬಿದ ಸೂಜಿ ಪೆಟ್ಟಿಗೆ

ಆಸ್ಪತ್ರೆಯ ಅಧೀಕ್ಷಕರಿಗೆ,

ಮಾನ್ಯರೇ, ಹಳೆಯ ಸೂಜಿ ಪೆಟ್ಟಿಗೆ ಬಾಯಿಮಟ್ಟ ತುಂಬದೆ ಹೊಸದು ಕೊಡಕೂಡದು ಎಂಬ ತಮ್ಮ ಆಜ್ಞೆ ನನ್ನ ಹೆಬ್ಬೆರಳಿಗೆ ಚುಚ್ಚಿದೆ. ಅದನ್ನು ಇವತ್ತೇ ಹಿಂತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಕಚೇರಿಗೇ ಬಂದು ಹೇಳೋಣವೆಂದರೆ ತಮ್ಮ ಬಾಗಿಲ ಮುಂದಿನ ಬೆಂಚಿನ ಸಹವಾಸ ಸಾಕಾಗಿದೆ. ಅದಕ್ಕೇ ಪತ್ರಿಕೆಗೆ ಕೊಡುತ್ತಿದ್ದೇನೆ, ಊರೆಲ್ಲ ಓದಲಿ.

ಬಳಸಿದ ಸೂಜಿ ಹಾಕುವ ಆ ಪೆಟ್ಟಿಗೆಯನ್ನು ತಾವು ಹತ್ತಿರದಿಂದ ನೋಡಿದ್ದೀರಾ? ಮುಕ್ಕಾಲು ತುಂಬಿದಾಗ ಮುಚ್ಚಬೇಕೆಂದು ಅದರ ಮೈಮೇಲೆ ಗೆರೆಯೇ ಇದೆ. ಆದರೆ ಗೆರೆ ದೊಡ್ಡದೋ, ಅಧೀಕ್ಷಕರು ದೊಡ್ಡವರೋ? ಗೆರೆ ಮುಟ್ಟಿದ ಪೆಟ್ಟಿಗೆಯನ್ನು ಒಯ್ದರೆ ಸ್ಟೋರಿನವರು ವಾಪಸ್ ಕಳಿಸುತ್ತಾರೆ. ಹಾಗಾಗಿ ಕಾಳಿನ ಡಬ್ಬಿ ಕುಲುಕುವಂತೆ ಅದನ್ನು ಕುಲುಕಿ, ಜಾಗ ಮಾಡಿ, ಇನ್ನೊಂದು ಸೂಜಿ ತುರುಕುವುದು ನಮ್ಮ ವಾರ್ಡಿನ ರೂಢಿ. ನಾನೂ ತುರುಕಿದೆ. ಒಳಗಿದ್ದ ಯಾವುದೋ ಸೂಜಿ ಕೈಗವಸು ದಾಟಿ ಬಂತು. ಅದು ಯಾರಿಗೆ ಚುಚ್ಚಿದ್ದು, ಯಾರ ರಕ್ತ, ಅದರಲ್ಲಿ ಯಾವ ವೈರಸ್ಸು? ಕೇಳಿದರೆ ಪೆಟ್ಟಿಗೆ ಹೇಳೀತೇ?

ಸೋಂಕು ತಡೆಯುವ ಮಾತ್ರೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದು ಸ್ಟೋರಿನ ಬೀರುವಿನಲ್ಲಿತ್ತು. ಬೀರು ತೆರೆಯಲು ತಮ್ಮ ಸಹಿ ಬೇಕಿತ್ತು. ತಾವೋ, ಗೇಟಿಗೆ ಯಾವ ಬಣ್ಣ ಬಳಿಸಬೇಕೆಂಬ ಸಭೆಯಲ್ಲಿದ್ದಿರಿ. "ಸ್ವಲ್ಪ ಕೂತ್ಕೊಳ್ಳಿ ಸಿಸ್ಟರ್, ಸಾಹೇಬ್ರು ಈಗ ಬಂದ್ಬಿಡ್ತಾರೆ," ಎಂದರು ಗುಮಾಸ್ತರು. ಬೆಳಿಗ್ಗೆ ಕೂತವಳಿಗೆ ಮಾತ್ರೆ ಸಿಕ್ಕಿದ್ದು ದೀಪ ಹಚ್ಚುವ ಹೊತ್ತಿಗೆ. ಗಾಯದ ಮೇಲೆ ಬರೆ ಎಳೆದಂತೆ, ಜೊತೆಗೇ ಬಂತು 'ಅಜಾಗರೂಕತೆಗೆ ಕಾರಣ ತಿಳಿಸಿ' ಎಂಬ ತಮ್ಮ ನೋಟಿಸು.

ಮೊದಲ ಪರೀಕ್ಷೆಯಲ್ಲಿ ಏನೂ ಕಂಡಿಲ್ಲ. ಆದರೆ ವೈರಸ್ಸು ಕಾಣಿಸಿಕೊಳ್ಳಲು ಸಮಯ ಬೇಕಂತೆ, ಇನ್ನೂ ಪರೀಕ್ಷೆಗಳಿವೆ. ಅಲ್ಲಿಯವರೆಗೆ ಮಗುವಿಗೆ ಎದೆಹಾಲು ಬೇಡ ಎಂದಿದ್ದಾರೆ ವೈದ್ಯರು. ಅತ್ತೆ ಬಾಟಲಿ ಹಿಡಿದರೆ ಮಗಳು ಮುಖ ತಿರುಗಿಸುತ್ತಾಳೆ. "ನೀನು ಒಳಗೆ ಹೋಗಮ್ಮ, ನೀನು ಕಣ್ಣಿಗೆ ಕಾಣ್ತಿದ್ರೆ ಇವಳು ಇದನ್ನ ಮುಟ್ಟಲ್ಲ," ಎನ್ನುತ್ತಾರೆ ಅತ್ತೆ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹಾಲು ಹಿಂಡಿ ಚೆಲ್ಲುತ್ತೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನನಗೆ ಭಯವಾಗಿದೆ, ಮಾನ್ಯರೇ. ಇದಕ್ಕೆ ಯಾವ ಕಾರಣ ಬರೆದು ಕಳಿಸಲಿ?

ನಿನ್ನೆ ಡ್ಯೂಟಿಗೆ ಹೋದಾಗ ಹೊಸದಾಗಿ ಸೇರಿದ ನರ್ಸೊಬ್ಬಳು ಪೆಟ್ಟಿಗೆ ಕುಲುಕುತ್ತಿದ್ದಳು. "ಇನ್ನೂ ಎರಡು ಹಿಡಿಯತ್ತೆ ಅಕ್ಕಾ," ಎಂದಳು. ಕಸಿದುಕೊಂಡು, ಮುಚ್ಚಳ ಹಾಕಿ, ಟೇಪು ಸುತ್ತಿಬಿಟ್ಟೆ. ಹೌದು, ಅದು ಮುಕ್ಕಾಲೇ ತುಂಬಿದೆ. ಹೊಸದು ಕಳಿಸಿ, ಮಾತ್ರೆಗಳನ್ನು ಬೀಗ, ಸಹಿಗಳಿಲ್ಲದೆ ವಾರ್ಡಿನಲ್ಲೇ ಇರಿಸಿ. ಪೆಟ್ಟಿಗೆಯಲ್ಲಿ ಇನ್ನೂ ಜಾಗವಿದೆ ಎನಿಸಿದರೆ ದಯಮಾಡಿಸಿ. ಟೇಪು ಬಿಚ್ಚಿ, ತಮ್ಮ ಬೆರಳಿನಿಂದಲೇ ಒತ್ತಿ ನೋಡಿ.

ಇಂತಿ,
ತಮ್ಮ ಕಡತದಲ್ಲಿ ಅಜಾಗರೂಕಳೆಂದು ದಾಖಲಾಗಿರುವ
ಒಬ್ಬ ನರ್ಸ್