ಮೂವತ್ತೊಂದನೆಯ ತೊರಕೆ

ನವೆಂಬರ್ ೯, ಶನಿವಾರ

ನಾಲ್ಕು ವರ್ಷ ತಡವಾಗಿ ಇವತ್ತು ಕ್ಷಮೆ ಕೇಳಿ ಬಂದೆ.

ಬೆಳಿಗ್ಗೆ ನೀರಿನಡಿ ತೆಗೆದ ಚಿತ್ರದಲ್ಲಿ ಒಂದು ತೊರಕೆ ಮೀನಿನ ಹೊಟ್ಟೆಯ ಮಚ್ಚೆಗಳು ಸ್ಪಷ್ಟವಾಗಿದ್ದವು. ಒಂದರ ಮಚ್ಚೆ ಇನ್ನೊಂದಕ್ಕಿರುವುದಿಲ್ಲ. ಹಳೆಯ ಚಿತ್ರಗಳೊಡನೆ ಮೂರು ಸಲ ಹೋಲಿಸಿದೆ. ಅವಳೇ, ನಮ್ಮ ಅಧ್ಯಯನದ ಪಟ್ಟಿಯ ಮೂವತ್ತೊಂದನೆಯವಳು! ನಾಲ್ಕು ವರ್ಷದ ಹಿಂದೆ ಇಲ್ಲಿನ ಮೀನುಗಾರ ದೋಣಿಯಜ್ಜನ ಬಲೆಗೆ ಸಿಕ್ಕವಳು. "ಬಲೆ ಕೊಯ್ದು ಬಿಟ್ಟುಬಿಟ್ಟೆ ತಾಯಿ" ಎಂದು ಅಜ್ಜ ಹೇಳಿದರೂ ನಾನು ನಂಬದೆ, ವರದಿಯಲ್ಲಿ 'ಸತ್ತಿದೆ' ಎಂದು ಬರೆದೆ. ಆಮೇಲೆ ಅವರು ನನ್ನೊಡನೆ ಮಾತು ಬಿಟ್ಟರು.

ಸಂಜೆ ಚಿತ್ರ ಹಿಡಿದು ಅವರ ಮನೆಗೆ ಹೋದೆ. "ತಪ್ಪಾಯ್ತು ಅಜ್ಜಾ, ಅವಳು ಬದುಕಿದ್ದಾಳೆ" ಎಂದೆ. ಅಜ್ಜ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಮಾತನ್ನು ಎತ್ತಲೇ ಇಲ್ಲ.

"ಹೊಟ್ಟೆ ನೋಡೇ ಹುಡುಗಿ, ಬಸುರಿ!" ಎಂದರು.

ಬೆಳಗಿನಿಂದ ಅದೇ ಹೊಟ್ಟೆ ನೋಡುತ್ತಿದ್ದ ನನಗೆ ಬರೀ ಮಚ್ಚೆ ಕಂಡಿತ್ತು.